ಗಂಡ-ಹೆಂಡತಿ ಇಬ್ಬರೇ, ಎರಡು ದಿನ, ಮುಂಬಯಿ: ಸುಸ್ತಾಗದೆ ನೋಡಿಬರುವ ಸಮಗ್ರ ಮಾರ್ಗದರ್ಶಿ

ಮುಂಬಯಿ ಅಗಲದ ಊರಲ್ಲ, ಉದ್ದದ ಊರು. ದಕ್ಷಿಣದ ಕೊಲಾಬಾದಿಂದ ಉತ್ತರದ ದಹಿಸರ್‌ವರೆಗೆ ಸುಮಾರು 40 ಕಿಲೋಮೀಟರ್. ಎರಡೂ ಮಗ್ಗುಲಲ್ಲಿ ನೀರು, ನಡುವೆ ಸರಿಗೆಯ ಹಾಗೆ ಎಳೆದ ರೈಲು ಹಳಿಗಳು. ವಾರಾಂತ್ಯಕ್ಕೆ ಹೋದವರ ಯೋಜನೆ ಕೆಡುವುದು ಇಲ್ಲೇ. ಬೆಳಗ್ಗೆ ಗೇಟ್‌ವೇ ಆಫ್ ಇಂಡಿಯಾ, ಮಧ್ಯಾಹ್ನ ಜುಹು, ಸಂಜೆ ಮರೀನ್ ಡ್ರೈವ್, ರಾತ್ರಿ ಬಾಂದ್ರಾ ಎಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಕಾಗದದ ಮೇಲೆ ಚೆನ್ನಾಗಿರುತ್ತದೆ. ರಸ್ತೆಗಿಳಿದರೆ ಒಂದೊಂದು ಓಡಾಟಕ್ಕೆ ಒಂದರಿಂದ ಒಂದೂವರೆ ಗಂಟೆ ಹೋಗಿ, ಶನಿವಾರ ಸಂಜೆಯ ಹೊತ್ತಿಗೆ ಟ್ಯಾಕ್ಸಿಯೊಳಗೆ ಇಬ್ಬರೂ ಮಾತು ಬಿಟ್ಟು ಕೂತಿರುತ್ತಾರೆ.

ಆದ್ದರಿಂದ ಈ ಇಡೀ ಯೋಜನೆ ಒಂದೇ ನಿಯಮದ ಮೇಲೆ ನಿಂತಿದೆ: ಶನಿವಾರ ಪೂರ್ತಿ ದಕ್ಷಿಣ ತುದಿ ಬಿಟ್ಟು ಕದಲಬೇಡಿ. ಭಾನುವಾರ ದಕ್ಷಿಣದಿಂದ ಉತ್ತರಕ್ಕೆ ಒಂದೇ ಸಲ, ಒಂದೇ ದಿಕ್ಕಿನಲ್ಲಿ ಸರಿಯುತ್ತ ಹೋಗಿ, ಅಲ್ಲಿಂದಲೇ ಊರಿಗೆ ಹೊರಡಿ. ಹಿಂದಕ್ಕೆ ಬರುವ ಮಾತೇ ಬೇಡ.

ಹೊರಡುವ ಮೊದಲು: ತಿಂಗಳು, ವಾರ, ಟಿಕೆಟ್

ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ. ಮೇ ತಿಂಗಳಲ್ಲಿ ಬಿಸಿಲಿಗಿಂತ ಬೆವರು ಕಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆಯ ಮುಂಬಯಿಗೆ ಅದರದೇ ಚೆಲುವಿದೆ, ಆದರೆ ಎರಡೇ ದಿನ ಕೈಯಲ್ಲಿರುವವರಿಗೆ ಅದು ಜೂಜು. ಜೋರು ಮಳೆಯೂ ಸಮುದ್ರದ ದೊಡ್ಡ ಉಬ್ಬರವೂ ಒಟ್ಟಿಗೆ ಬಿದ್ದರೆ ಊರಿನ ನೀರು ಕಡಲಿಗೆ ಇಳಿಯಲು ಜಾಗವಿರುವುದಿಲ್ಲ. ಸಾಯನ್, ಕುರ್ಲಾ, ಹಿಂದ್‌ಮಾತಾ ಕಡೆ ತಗ್ಗಿನಲ್ಲಿ ನೀರು ನಿಂತು ಲೋಕಲ್ ರೈಲು ಕುಂಟುತ್ತದೆ, ಎಲಿಫೆಂಟಾ ಗುಹೆಗಳ ದ್ವೀಪಕ್ಕೆ ಹೋಗುವ ದೋಣಿಗಳೂ ನಿಲ್ಲುತ್ತವೆ. ಜನವರಿಯ ಮೂರನೆಯ ಭಾನುವಾರ ಮುಂಬಯಿ ಮ್ಯಾರಥಾನ್ ಇರುತ್ತದೆ. ಅಂದು ಬೆಳಗ್ಗೆ ದಕ್ಷಿಣ ಮುಂಬಯಿಯ ಮುಖ್ಯ ರಸ್ತೆಗಳು ಮುಚ್ಚಿರುವುದರಿಂದ ಆ ವಾರ ಬಿಟ್ಟುಬಿಡುವುದು ಲೇಸು.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಹೋಗುವುದಕ್ಕೇ ಹೆಚ್ಚು ಕಡಿಮೆ ಒಂದು ದಿನ ಬೇಕು. ವಾರಾಂತ್ಯಕ್ಕೆ ಅದು ಹೊಂದುವುದಿಲ್ಲ, ಶುಕ್ರವಾರ ಸಂಜೆಯ ವಿಮಾನವೇ ಸರಿ. ಹಾರಾಟ ಒಂದೂಮುಕ್ಕಾಲು ಗಂಟೆಯಷ್ಟು. ಹುಬ್ಬಳ್ಳಿ, ಬೆಳಗಾವಿಯವರಿಗೆ ರಾತ್ರಿ ಬಸ್ಸು ಸಾಕು, ಬೆಳಗ್ಗೆ ಮುಂಬಯಿ. ಕರಾವಳಿಯವರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇದೆ. ಮಧ್ಯಾಹ್ನ ಮಂಗಳೂರು ಬಿಟ್ಟು ಮರುದಿನ ಬೆಳಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್ ಸೇರುತ್ತದೆ.

ವಿಮಾನದ ಟಿಕೆಟ್ ಮಾಡುವಾಗ ಒಂದು ಕಡೆ ಕಣ್ಣಿಟ್ಟು ನೋಡಿ. 2025ರ ಡಿಸೆಂಬರ್ 25ರಿಂದ ನವಿ ಮುಂಬಯಿ ವಿಮಾನ ನಿಲ್ದಾಣವೂ ಪ್ರಯಾಣಿಕರಿಗೆ ತೆರೆದಿದೆ. ಹಳೆಯ ನಿಲ್ದಾಣದ ಸಂಕೇತ 'ಬಿಒಎಂ', ಹೊಸದರದು 'ಎನ್‌ಎಂಐ'. ದರ ಕಡಿಮೆ ಕಂಡಿತೆಂದು ಗಮನಿಸದೆ ಹೊಸದಕ್ಕೆ ಟಿಕೆಟ್ ಮಾಡಿದರೆ ಪನ್ವೇಲ್ ಕಡೆಯ ಉಲ್ವೆಯಲ್ಲಿ ಇಳಿದು, ಖಾಡಿ (ಕಡಲ ಹಿನ್ನೀರು) ದಾಟಿ ಊರೊಳಗೆ ಬರಬೇಕಾಗುತ್ತದೆ. ಉಳಿಸಿದ ಹಣ ಟ್ಯಾಕ್ಸಿಗೆ, ಉಳಿದ ಸಂಜೆ ರಸ್ತೆಗೆ.

ರೂಮು ಎಲ್ಲಿ, ಕೇಳಬೇಕಾದ್ದೇನು

ಫೋರ್ಟ್, ಚರ್ಚ್‌ಗೇಟ್, ಕೊಲಾಬಾ. ಈ ಮೂರರಲ್ಲಿ ಎಲ್ಲಾದರೂ. ಅಂಧೇರಿಯಲ್ಲಿ ಅದೇ ದುಡ್ಡಿಗೆ ದೊಡ್ಡ ರೂಮು ಸಿಗುತ್ತದೆ ನಿಜ, ಆದರೆ ದಿನಾ ಎರಡು ಸಲ ಊರು ದಾಟುವ ಸಮಯ ಅದರ ಬೆಲೆಗೆ ಸೇರಿಸಿ ನೋಡಿ. ಬಜೆಟ್ ಬಿಗಿಯಾಗಿದ್ದರೆ ದಾದರ್ ಅಥವಾ ಮಾಟುಂಗಾ ಎರಡನೆಯ ಆಯ್ಕೆ.

ದಕ್ಷಿಣ ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ದೊಡ್ಡ ಹಾಲನ್ನು ಹಲಗೆ ಹೊಡೆದು ರೂಮು ಮಾಡಿರುವುದುಂಟು. ಫೋಟೊದಲ್ಲಿ ಇದು ಕಾಣುವುದಿಲ್ಲ. ಫೋನ್ ಮಾಡಿ ಐದು ಪ್ರಶ್ನೆ ಕೇಳಿ: ಹೊರಕ್ಕೆ ತೆರೆಯುವ ಕಿಟಕಿ ಇದೆಯೇ, ಬಾತ್‌ರೂಮ್ ರೂಮಿನೊಳಗೇ ಇದೆಯೇ, ಲಿಫ್ಟ್ ಇದೆಯೇ, ರಾತ್ರಿ ಹನ್ನೆರಡರ ಮೇಲೂ ಒಳಗೆ ಬಿಡುತ್ತಾರೆಯೇ, ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಗಡಿಯ ಆಸುಪಾಸಿನ ರೂಮು ತೆಗೆದುಕೊಳ್ಳುವಾಗ ಈ ವ್ಯತ್ಯಾಸವೇ ಸುಮಾರು ಸಾವಿರ ರೂಪಾಯಿ ಆಗುತ್ತದೆ.

ಇಬ್ಬರೂ ಮೂಲ ಗುರುತಿನ ಚೀಟಿ ಇಟ್ಟುಕೊಂಡಿರಬೇಕು. ಒಬ್ಬರದು ತೋರಿಸಿದರೆ ಆಗುವುದಿಲ್ಲ. ಮದುವೆಯಾಗದ ವಯಸ್ಕ ಜೋಡಿ ಒಂದೇ ರೂಮಿನಲ್ಲಿ ಉಳಿಯಬಾರದೆಂಬ ಕಾನೂನಿಲ್ಲ, ಆದರೆ ಕೆಲವು ಹೋಟೆಲಿನವರು ತಮ್ಮದೇ ನಿಯಮ ಹೇಳಿ ರಾತ್ರಿ ಹೊತ್ತು ಬಾಗಿಲಲ್ಲಿ ನಿಲ್ಲಿಸುತ್ತಾರೆ. ಅದನ್ನೂ ಮುಂಚೆಯೇ ಕೇಳಿ, ಒಪ್ಪಿದ್ದನ್ನು ಬರಹದಲ್ಲಿ ತರಿಸಿಕೊಳ್ಳಿ.

ಚೀಲ

ಒಬ್ಬರಿಗೊಂದು ಬೆನ್ನಚೀಲ, ಏಳು ಕಿಲೋ ಒಳಗೆ. ಗಾಲಿಯ ಸೂಟ್‌ಕೇಸ್ ಬೇಡವೇ ಬೇಡ. ಭಾನುವಾರ ರೂಮು ಬಿಟ್ಟ ಮೇಲೆ ಚೀಲಕ್ಕಾಗಿ ಮತ್ತೆ ದಕ್ಷಿಣಕ್ಕೆ ಬರುವಂತಾದರೆ ನಮ್ಮ ಒಂದೇ ದಿಕ್ಕಿನ ಯೋಜನೆ ಮುರಿಯಿತು. ಹತ್ತಿ ಬಟ್ಟೆ, ಹಿಡಿತವಿರುವ ಚಪ್ಪಲಿ ಅಥವಾ ಶೂ, ಒಂದು ಲೀಟರ್ ನೀರಿನ ಬಾಟಲಿ, ಪವರ್ ಬ್ಯಾಂಕ್, ಹತ್ತು-ಇಪ್ಪತ್ತರ ಚಿಲ್ಲರೆ, ತಲೆ ಮುಚ್ಚಲು ಒಂದು ದುಪಟ್ಟಾ ಅಥವಾ ಕರ್ಚೀಫು (ಹಾಜಿ ಅಲಿ ದರ್ಗಾದಲ್ಲಿ ಬೇಕಾಗುತ್ತದೆ).

ಇನ್ನೊಂದು, ಚೀಲಕ್ಕೆ ಸಂಬಂಧವಿಲ್ಲದಿದ್ದರೂ ಹೊರಡುವ ಮೊದಲೇ ಆಗಬೇಕಾದದ್ದು: ಕೆಲಸ ಹಂಚಿಕೊಳ್ಳಿ. ದಾರಿ ಮತ್ತು ನಕ್ಷೆ ಒಬ್ಬರದು, ಟಿಕೆಟ್ ಮತ್ತು ಹಣ ಇನ್ನೊಬ್ಬರದು. ಇಬ್ಬರೂ ಎರಡನ್ನೂ ನೋಡಿಕೊಳ್ಳಲು ಹೋದಾಗಲೇ ಪ್ಲಾಟ್‌ಫಾರ್ಮ್ ಮೇಲೆ ವಾದ ಶುರುವಾಗುವುದು.

ಓಡಾಟ ಕಲಿಯಿರಿ: ಲೋಕಲ್, ಮೆಟ್ರೊ, ಟ್ಯಾಕ್ಸಿ

ಲೋಕಲ್ ರೈಲಿಗೆ ಮೂರು ದಾರಿ. ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಿಂದ ದಾದರ್, ಬಾಂದ್ರಾ, ಅಂಧೇರಿ, ವಿರಾರ್ ಕಡೆಗೆ. ಮಧ್ಯ ಮಾರ್ಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿಯಿಂದ ದಾದರ್, ಕುರ್ಲಾ, ಠಾಣೆ, ಕಲ್ಯಾಣ್ ಕಡೆಗೆ. ಹಾರ್ಬರ್ ಮಾರ್ಗ ಸಿಎಸ್‌ಎಂಟಿಯಿಂದ ಪನ್ವೇಲ್ ಮತ್ತು ಗೋರೆಗಾಂವ್ ಕಡೆಗೆ. ಪಶ್ಚಿಮಕ್ಕೂ ಮಧ್ಯಕ್ಕೂ ಬದಲಾಯಿಸುವ ಜಾಗ ದಾದರ್.

ಪ್ಲಾಟ್‌ಫಾರ್ಮಿನಲ್ಲಿ ತೂಗುವ ಫಲಕವನ್ನು ಓದುವುದು ಒಂದು ನಿಮಿಷದ ವಿದ್ಯೆ. ಮೊದಲು ರೈಲು ಮುಟ್ಟುವ ಊರಿನ ಹೆಸರು ಅಥವಾ ಅದರ ಒಂದೆರಡು ಅಕ್ಷರ. ಪಕ್ಕದಲ್ಲಿ 'ಎಸ್' ಇದ್ದರೆ ಸ್ಲೋ, ಎಲ್ಲ ನಿಲ್ದಾಣದಲ್ಲಿ ನಿಲ್ಲುತ್ತದೆ. 'ಎಫ್' ಇದ್ದರೆ ಫಾಸ್ಟ್, ಸಣ್ಣ ನಿಲ್ದಾಣಗಳನ್ನು ಬಿಟ್ಟು ಓಡುತ್ತದೆ. 12 ಅಥವಾ 15 ಎಂದಿರುವುದು ಬೋಗಿಗಳ ಸಂಖ್ಯೆ. ಮಹಾಲಕ್ಷ್ಮಿ, ಮಾಟುಂಗಾದಂಥ ಕಡೆ ಇಳಿಯುವವರು ಸ್ಲೋ ಗಾಡಿಯನ್ನೇ ಹಿಡಿಯಬೇಕು. ಫಾಸ್ಟ್ ಹತ್ತಿದರೆ ನಿಲ್ದಾಣ ಕಣ್ಣೆದುರೇ ಹಾದುಹೋಗುತ್ತದೆ. ಬಾಂದ್ರಾಕ್ಕೆ ಹೋಗಲು ವಿರಾರ್ ಫಾಸ್ಟ್ ಹತ್ತಬೇಡಿ. ಹತ್ತಬಹುದು, ಇಳಿಯುವುದು ಕಷ್ಟ. ಬಾಗಿಲಲ್ಲಿ ದೂರದವರು ಒತ್ತಾಗಿ ನಿಂತಿರುತ್ತಾರೆ. ಬೋರಿವಲಿ ಅಥವಾ ಅಂಧೇರಿ ಗಾಡಿ ನೋಡಿ.

ಗಾಡಿ ನಿಲ್ಲುವುದು ಅರ್ಧ ನಿಮಿಷದಷ್ಟು. ಇಳಿಯುವ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ ಎದ್ದು ಬಾಗಿಲ ಕಡೆ ಸರಿಯಿರಿ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆಂದು ಪಕ್ಕದವರನ್ನು ಕೇಳಿ, ಎಲ್ಲರೂ ಹೇಳುತ್ತಾರೆ. ಬೆನ್ನಚೀಲವನ್ನು ಎದೆಗೆ ಹಾಕಿಕೊಳ್ಳಿ. ವಾರದ ದಿನಗಳಲ್ಲಿ ಬೆಳಗ್ಗೆ 8ರಿಂದ 11 ದಕ್ಷಿಣಕ್ಕೆ, ಸಂಜೆ 5ರಿಂದ 9 ಉತ್ತರಕ್ಕೆ ನೂಕುನುಗ್ಗಲು. ಶನಿವಾರ ತುಸು ಕಡಿಮೆ, ಭಾನುವಾರ ಬೆಳಗ್ಗೆ ಕೂತುಕೊಂಡೇ ಹೋಗಬಹುದು.

ಜೊತೆಯಾಗಿ ಹೋಗುವವರು ಇದನ್ನು ಮೊದಲೇ ಮಾತಾಡಿಕೊಳ್ಳಬೇಕು: ಮಹಿಳಾ ಬೋಗಿಗೆ ಗಂಡಸರು ಕಾಲಿಡುವಂತಿಲ್ಲ. ಸಾಮಾನ್ಯ ಬೋಗಿ ತುಂಬಿದ್ದರೆ ಹೆಂಡತಿ ಮಹಿಳಾ ಬೋಗಿಗೆ, ಗಂಡ ಸಾಮಾನ್ಯ ಬೋಗಿಗೆ ಹತ್ತುವುದೇ ಸುಖ. ಹಾಗೆ ಮಾಡುವಾಗ ಇಳಿಯುವ ನಿಲ್ದಾಣದ ಹೆಸರು ಇಬ್ಬರಿಗೂ ಬಾಯಲ್ಲಿರಲಿ, ಟಿಕೆಟ್ ಇಬ್ಬರ ಬಳಿಯೂ ಬೇರೆ ಬೇರೆ ಇರಲಿ, ಇಳಿದ ಮೇಲೆ ಸೇರುವ ಜಾಗ ಗೊತ್ತಿರಲಿ. ಪ್ಲಾಟ್‌ಫಾರ್ಮಿನ ನಡುವಿನ ಫಲಕದ ಕೆಳಗೆ ಎಂದರೆ ಸಾಕು. ಒಬ್ಬರು ಹತ್ತಿ ಇನ್ನೊಬ್ಬರು ಉಳಿದರೆ ಓಡಬೇಡಿ. ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯಲಿ, ಉಳಿದವರು ಅದರ ಹಿಂದೆ ಬರುವ ಗಾಡಿಯಲ್ಲಿ ಬರಲಿ. ಓಡುವ ಗಾಡಿಗೆ ಕೈ ಚಾಚಿ ಆಗುವ ಅನಾಹುತಕ್ಕಿಂತ ಐದು ನಿಮಿಷ ಕಾಯುವುದು ದೊಡ್ಡದಲ್ಲ.

ಟಿಕೆಟ್ ಎರಡನೆಯ ದರ್ಜೆಗೆ 5 ರೂಪಾಯಿಯಿಂದ ಶುರು. ಮೊಬೈಲಿನಲ್ಲಿ ರೈಲ್ವೆ ಆ್ಯಪ್‌ನಿಂದ ಕಾಗದರಹಿತ ಟಿಕೆಟ್ ತೆಗೆಯುವುದಾದರೆ ನಿಲ್ದಾಣದೊಳಗೆ ನಿಂತು ತೆಗೆಯಲು ಬರುವುದಿಲ್ಲ. ಹಳಿಯಿಂದ ಸ್ವಲ್ಪ ದೂರದಲ್ಲಿರಬೇಕು, ಇಲ್ಲವೇ ನಿಲ್ದಾಣದಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಆದ್ದರಿಂದ ರೂಮಿನಲ್ಲೇ ತೆಗೆದು ಹೊರಡಿ. ಆದರೆ ತೀರಾ ಮುಂಚೆ ಬೇಡ, ಒಂದು ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು.

ಭಾನುವಾರದ ಮೆಗಾ ಬ್ಲಾಕ್ ಹೊರಗಿನವರಿಗೆ ಗೊತ್ತಿರುವುದಿಲ್ಲ. ಹಳಿ ರಿಪೇರಿಗಾಗಿ ಬಹುತೇಕ ಪ್ರತಿ ಭಾನುವಾರ ಬೆಳಗ್ಗೆ ಹತ್ತು-ಹನ್ನೊಂದರಿಂದ ಸಂಜೆ ನಾಲ್ಕರ ತನಕ ಮಧ್ಯ ಮತ್ತು ಹಾರ್ಬರ್ ಮಾರ್ಗದ ಕೆಲವು ಭಾಗದಲ್ಲಿ ಗಾಡಿಗಳನ್ನು ನಿಲ್ಲಿಸುತ್ತಾರೆ ಅಥವಾ ಬೇರೆ ಹಳಿಗೆ ತಿರುಗಿಸುತ್ತಾರೆ. ಪಶ್ಚಿಮ ಮಾರ್ಗದಲ್ಲಿ ಇದಕ್ಕೆ ಜಂಬೊ ಬ್ಲಾಕ್ ಎನ್ನುತ್ತಾರೆ. ಯಾವ ಭಾಗ ಎಂಬುದನ್ನು ಶುಕ್ರವಾರ-ಶನಿವಾರವೇ ಪ್ರಕಟಿಸುತ್ತಾರೆ. ಶನಿವಾರ ರಾತ್ರಿ ಒಮ್ಮೆ ನೋಡಿಕೊಂಡು ಮಲಗಿ.

ಮೆಟ್ರೊ ಮೂರನೆಯ ಮಾರ್ಗ ವಾರಾಂತ್ಯದ ಪ್ರವಾಸಿಗೆ ವರದಾನ. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ನಿಲ್ದಾಣ, 2025ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ. ವಿಮಾನ ನಿಲ್ದಾಣದ ಟರ್ಮಿನಲ್ 1, ಟರ್ಮಿನಲ್ 2 ಎರಡಕ್ಕೂ ನಿಲ್ದಾಣವಿದೆ. ಅಲ್ಲಿಂದ ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್), ದಾದರ್, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಸಿಎಸ್‌ಎಂಟಿ, ಹುತಾತ್ಮಾ ಚೌಕ್, ಚರ್ಚ್‌ಗೇಟ್ ಎಲ್ಲವೂ ನೇರ. ದರ 10ರಿಂದ 70 ರೂಪಾಯಿ. ರಾತ್ರಿ ಹತ್ತೂವರೆ ಸುಮಾರಿಗೆ ಕೊನೆಯ ಗಾಡಿಗಳು ಹೊರಡುವುದರಿಂದ ಒಂಬತ್ತೂವರೆಯ ಮೇಲೆ ಇಳಿಯುವ ವಿಮಾನದವರು ಟ್ಯಾಕ್ಸಿಯನ್ನೇ ನಂಬಿ. ಮಾರ್ಗ ಬಹುತೇಕ ನೆಲದಡಿಯಲ್ಲೇ ಇರುವುದರಿಂದ ಮೊಬೈಲ್ ಸಿಗ್ನಲ್ ಕೈಕೊಡಬಹುದು. ಟಿಕೆಟನ್ನು ಮೇಲೆಯೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆಟೊ ಹುಡುಕುತ್ತ ಕೊಲಾಬಾದಲ್ಲಿ ನಿಲ್ಲಬೇಡಿ. ದ್ವೀಪದ ಊರಿನೊಳಗೆ ಆಟೊಗೆ ಪ್ರವೇಶವಿಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಾಯನ್, ಅಲ್ಲಿಗೆ ಮುಗಿಯಿತು. ದಕ್ಷಿಣದಲ್ಲಿ ಕಪ್ಪು-ಹಳದಿ ಟ್ಯಾಕ್ಸಿ. ಮೀಟರ್ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ, ಬಾಂದ್ರಾ ಕಡೆ ಆಟೊಗೆ 26. ನಡುರಾತ್ರಿಯಿಂದ ಬೆಳಗ್ಗೆ ಐದರವರೆಗೆ ಕಾಲು ಭಾಗ ಹೆಚ್ಚು. ಗೇಟ್‌ವೇ ಎದುರು ನಿಂತ ಟ್ಯಾಕ್ಸಿಯವರು ಮೀಟರ್ ಬಿಟ್ಟು ಒಟ್ಟು ಮೊತ್ತ ಹೇಳುವುದು ಹೆಚ್ಚು. ಎರಡು ನಿಮಿಷ ನಡೆದು ಓಡುವ ಟ್ಯಾಕ್ಸಿಗೆ ಕೈ ತೋರಿಸಿ.

ಶನಿವಾರ ಬೆಳಗ್ಗೆ: ಎಲಿಫೆಂಟಾ

ಶನಿವಾರವೇ ಏಕೆ? ಭಾನುವಾರ ಜನ ಇನ್ನೂ ಹೆಚ್ಚು. ಗಾಳಿ ಜೋರಾಗಿ ಶನಿವಾರ ದೋಣಿ ನಿಂತರೆ ಭಾನುವಾರ ಕೈಯಲ್ಲಿ ಉಳಿಯುತ್ತದೆ. ಸೋಮವಾರ ಗುಹೆಗೆ ರಜೆ, ಒಂದು ದಿನ ರಜೆ ಸೇರಿಸಿ ಭಾನುವಾರ-ಸೋಮವಾರ ಬರುವವರಿಗೆ ಇದು ತಿಳಿದಿರಲಿ.

ಎಂಟೂಕಾಲಿಗೆ ತಿಂಡಿ ಮುಗಿಸಿ ಎಂಟೂಮುಕ್ಕಾಲಿಗೆ ಗೇಟ್‌ವೇ ಹತ್ತಿರ ಇರಿ. ಬ್ಯಾಗ್ ತಪಾಸಣೆ ಆಗಬೇಕು. ಗೇಟ್‌ವೇಗೆ ಅಡಿಗಲ್ಲು 1913ರಲ್ಲಿ, ಕಟ್ಟಿ ತೆರೆದದ್ದು 1924ರ ಡಿಸೆಂಬರ್ 4ರಂದು. ನಕ್ಷೆ ಜಾರ್ಜ್ ವಿಟೆಟ್ ಅವರದು, ಎತ್ತರ 26 ಮೀಟರ್. ಬ್ರಿಟಿಷರ ಕೊನೆಯ ಸೈನಿಕ ತುಕಡಿ 1948ರ ಫೆಬ್ರವರಿ 28ರಂದು ಇದೇ ಕಮಾನಿನ ಕೆಳಗೆ ಹಾದು ದೇಶ ಬಿಟ್ಟಿತು. ಫೋಟೊ ತೆಗೆಯಲು ಬರುವವರ ಜೊತೆ ದರವನ್ನೂ ಪ್ರತಿಗಳ ಸಂಖ್ಯೆಯನ್ನೂ ಮೊದಲೇ ಖಚಿತ ಮಾಡಿ, ಇಲ್ಲವೇ ಬೇಡವೆಂದು ನೇರ ಹೇಳಿ.

ದೋಣಿ ಟಿಕೆಟ್ ಕೌಂಟರಿನಲ್ಲೇ ಕೊಳ್ಳಿ, ಹೋಗಿಬರುವುದಕ್ಕೆ ಒಂದೇ ಟಿಕೆಟ್, ಹರಿದುಹೋಗದಂತೆ ಇಟ್ಟುಕೊಳ್ಳಿ. ಒಂಬತ್ತರ ಸುಮಾರಿನ ಮೊದಲ ದೋಣಿಗೆ ಹತ್ತಿದರೆ ಹತ್ತಕ್ಕೆ ದ್ವೀಪ. ಲೈಫ್ ಜಾಕೆಟ್ ಕೊಟ್ಟಾಗ ಹಾಕಿ, ಕೊಡದಿದ್ದರೆ ಕೇಳಿ ಪಡೆಯಿರಿ. 2024ರ ಡಿಸೆಂಬರ್‌ನಲ್ಲಿ ಇದೇ ದಾರಿಯ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಡಿಕ್ಕಿ ಹೊಡೆದು ಹಲವರು ಜೀವ ಕಳೆದುಕೊಂಡರು. ಹೊಟ್ಟೆ ತೊಳಸುವವರು ಕೆಳಗಿನ ಅಟ್ಟದಲ್ಲಿ, ದೋಣಿಯ ನಡುಭಾಗದಲ್ಲಿ ಕೂರಲಿ. ಅಲ್ಲಿ ಓಲಾಟ ಕಡಿಮೆ.

ಜೆಟ್ಟಿಯಿಂದ ಬೆಟ್ಟದ ಬುಡದವರೆಗೆ ಆಟಿಕೆಯಂಥ ರೈಲಿದೆ, ನಡೆದರೂ ದೂರವಿಲ್ಲ. ಆಮೇಲೆ ಸುಮಾರು 120 ಮೆಟ್ಟಿಲು. ಎರಡೂ ಬದಿ ಅಂಗಡಿ ಸಾಲು, ಹೋಗುವಾಗ ನಿಲ್ಲಬೇಡಿ. ಮಂಗಗಳಿವೆ, ಕೈಯಲ್ಲಿ ಬಾಟಲಿಯಾಗಲಿ ಚಿಪ್ಸ್ ಆಗಲಿ ಕಾಣಿಸಬಾರದು. ಗುಹೆಯ ಟಿಕೆಟ್ ಭಾರತೀಯರಿಗೆ 40 ರೂಪಾಯಿ.

ಗುಹೆಗಳು ಹಲವಿದ್ದರೂ ನೋಡಬೇಕಾದದ್ದು ಮೊದಲನೆಯದು. ಆರನೆಯ ಶತಮಾನದ ನಡುಭಾಗದ ಕೆಲಸ. ಬಾದಾಮಿಯ ಮೂರನೆಯ ಗುಹೆಯ ಶಾಸನ 578ರದು. ಬಾದಾಮಿ ನೋಡಿದ ಕಣ್ಣಿಗೆ ಇಲ್ಲಿಯ ಕಂಬಗಳೂ ನಟರಾಜನೂ ನೆಂಟರಂತೆ ಕಾಣುತ್ತವೆ. ಬಿಸಿಲಿನಿಂದ ಒಳಗೆ ಹೋದವರು ಕತ್ತಲಲ್ಲಿ ಫೋಟೊ ಹೊಡೆದು ಹೊರಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ದಕ್ಷಿಣ ಗೋಡೆಯ ತ್ರಿಮೂರ್ತಿಯ ಎದುರು, ಎರಡು ಕಂಬಗಳ ನಡುವೆ, ಮೂರು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಒಗ್ಗುತ್ತಿದ್ದಂತೆ ಸುಮಾರು 18 ಅಡಿಯ ಕಲ್ಲು ನಿಧಾನವಾಗಿ ಮುಖವಾಗುತ್ತದೆ. ನಡುವಿನದು ಕಣ್ಣುಮುಚ್ಚಿದ ಶಾಂತ ಮುಖ. ನಿಮ್ಮ ಎಡಕ್ಕೆ ಮೀಸೆಯ, ಹುಬ್ಬು ಗಂಟಿಕ್ಕಿದ, ಕೈಯಲ್ಲಿ ಹಾವು ಹಿಡಿದ ಅಘೋರ. ಬಲಕ್ಕೆ ಮೃದು ತುಟಿಯ, ಕಮಲ ಹಿಡಿದ ಹೆಣ್ಣು ಮುಖ. ಮೂರೂ ಒಬ್ಬ ಶಿವನದೇ. ಪಕ್ಕದಲ್ಲೇ ಒಂದು ಕಡೆ ಅರ್ಧನಾರೀಶ್ವರ, ಇನ್ನೊಂದು ಕಡೆ ಗಂಗಾಧರ. ಆಮೇಲೆ ಶಿವ-ಪಾರ್ವತಿಯರ ಮದುವೆಯ ಫಲಕವನ್ನು ಹುಡುಕಿ ನೋಡಿ. ತಲೆ ತಗ್ಗಿಸಿ ನಾಚಿ ನಿಂತ ಪಾರ್ವತಿಯನ್ನು ನೋಡಲಿಕ್ಕೆಂದೇ ಇಷ್ಟು ದೂರ ಬರಬಹುದು. ಗುಹೆಗೆ ಒಂದೂವರೆ ಗಂಟೆ ಕೊಡಿ. ಹನ್ನೆರಡರ ದೋಣಿಗೆ ಮರಳಿದರೆ ಒಂದಕ್ಕೆ ಗೇಟ್‌ವೇ.

ಶನಿವಾರ ಮಧ್ಯಾಹ್ನ, ಸಂಜೆ

ಊಟ ಕೊಲಾಬಾದಲ್ಲಿ. ಊಟವಾದ ಮೇಲೆ ಒಂದು ಗಂಟೆ ರೂಮಿಗೆ ಹೋಗಿ ಮಲಗಿ. ಈ ಒಂದು ಗಂಟೆ ಕಡಿತ ಮಾಡುವವರೇ ಸಂಜೆ ಏಳಕ್ಕೆ ಕಾಲು ನೋವು ಅನ್ನುವುದು. ರೂಮು ದಕ್ಷಿಣದಲ್ಲೇ ಇರಲಿ ಎಂದದ್ದಕ್ಕೆ ಇದೂ ಒಂದು ಕಾರಣ.

ಮೂರಕ್ಕೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಸಂಜೆ ಆರಕ್ಕೆ ಮುಚ್ಚುತ್ತದೆ. ಎಲ್ಲ ನೋಡಲು ಹೋದರೆ ಯಾವುದೂ ಉಳಿಯುವುದಿಲ್ಲ, ಒಂದೂವರೆ ಗಂಟೆಗೆ ಎರಡು ವಿಭಾಗ ಸಾಕು: ಶಿಲ್ಪಗಳ ಹಾಲ್ ಮತ್ತು ಹಳೆಯ ಕಿರು ವರ್ಣಚಿತ್ರಗಳು (ಮಿನಿಯೇಚರ್). ಒಬ್ಬರಿಗೆ ಮ್ಯೂಸಿಯಂ ಹಿಡಿಸದಿದ್ದರೆ ಬಲವಂತ ಬೇಡ. ಎದುರಿನ ಕಾಲಾ ಘೋಡಾದಲ್ಲಿ 1952ರಿಂದ ನಡೆಯುತ್ತಿರುವ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಉಚಿತ, ಹತ್ತು ನಿಮಿಷ ನಡೆದರೆ ಕೊಲಾಬಾ ಕಾಸ್‌ವೇಯ ಅಂಗಡಿ ಸಾಲು. ಒಂದೂವರೆ ಗಂಟೆ ಬೇರೆ ಬೇರೆಯಾಗಿ ಸುತ್ತಿ, ಹೇಳಿಟ್ಟ ಹೊತ್ತಿಗೆ ಸೇರಿ.

ಸೂರ್ಯಾಸ್ತದ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಆರು ದಾಟುತ್ತಿದ್ದಂತೆ, ಮೇ ಕೊನೆಯಲ್ಲಿ ಏಳೂಕಾಲರ ಹತ್ತಿರ. ಮುಕ್ಕಾಲು ಗಂಟೆ ಮೊದಲು ಮರೀನ್ ಡ್ರೈವ್ ಕಟ್ಟೆಯ ಮೇಲೆ ಇರಿ. ನರಿಮನ್ ಪಾಯಿಂಟ್ ತುದಿಯಿಂದ ಶುರು ಮಾಡಿ ಚೌಪಾಟಿ ಕಡೆ ನಡೆಯುವುದು ಸರಿಯಾದ ದಿಕ್ಕು. ಕಡಲು ಎಡಗಡೆ, 1930-40ರ ದಶಕದ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲು ಬಲಗಡೆ, ಕತ್ತಲಾಗುತ್ತಿದ್ದಂತೆ ದೀಪದ ಕಮಾನು ಪೂರ್ತಿ ಎದುರಿಗೇ. ಕಟ್ಟೆಯ ಕೆಳಗಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳ ಮೇಲೆ ಇಳಿಯಬೇಡಿ. ಪಾಚಿಯಿಂದ ಜಾರುತ್ತವೆ, ಸಂದಿನಲ್ಲಿ ಸಿಕ್ಕಿದ ಕಾಲು ತೆಗೆಯುವುದು ಸುಲಭವಲ್ಲ. ಚೌಪಾಟಿಯಲ್ಲಿ ಭೇಲ್, ಪಾವ್ ಭಾಜಿ. ನಂತರ ಟ್ಯಾಕ್ಸಿಯಲ್ಲಿ ಸಿಎಸ್‌ಎಂಟಿ ಎದುರಿಗೆ ಹೋಗಿ ಬಣ್ಣದ ದೀಪದಲ್ಲಿ ಅದನ್ನು ಒಮ್ಮೆ ನೋಡಿ ಮಲಗಿ. ಬೆಳಗ್ಗೆ ಬೇಗ ಏಳಬೇಕು.

ಭಾನುವಾರ ಬೆಳಗ್ಗೆ: ಖಾಲಿ ಫೋರ್ಟ್

ಭಾನುವಾರ ಫೋರ್ಟ್‌ನ ಕಚೇರಿಗಳು ಮುಚ್ಚಿರುತ್ತವೆ, ರಸ್ತೆ ನಿಮ್ಮದು. ಆರೂಮುಕ್ಕಾಲಿಗೆ ಚೀಲ ಕಟ್ಟಿ ರಿಸೆಪ್ಶನ್‌ನಲ್ಲಿಟ್ಟು ಹೊರಡಿ. ಸಿಎಸ್‌ಎಂಟಿಯಿಂದ ಶುರು: ಎಫ್. ಡಬ್ಲ್ಯು. ಸ್ಟೀವನ್ಸ್ ನಕ್ಷೆ, 1878ರಿಂದ 1888ರವರೆಗೆ ಕಟ್ಟಿದ್ದು, 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿ. ಗೇಟಿನ ಎರಡು ಕಂಬಗಳ ಮೇಲೆ ಒಂದರಲ್ಲಿ ಸಿಂಹ, ಇನ್ನೊಂದರಲ್ಲಿ ಹುಲಿ, ಅಂದರೆ ಬ್ರಿಟನ್ ಮತ್ತು ಭಾರತ. ಗೋಡೆಯಲ್ಲಿ ನವಿಲು, ಕೋತಿ, ಹಲ್ಲಿಗಳನ್ನು ಹುಡುಕುತ್ತ ಇಪ್ಪತ್ತು ನಿಮಿಷ ಕಳೆಯಬಹುದು. ಅಲ್ಲಿಂದ ಡಿ. ಎನ್. ರಸ್ತೆಯ ಕಮಾನುಗಳ ಕೆಳಗೆ ನಡೆದು 1864ರ ಫ್ಲೋರಾ ಫೌಂಟನ್, ಎಡಕ್ಕೆ ಹೊರಳಿ ಹಾರ್ನಿಮನ್ ಸರ್ಕಲ್, ಟೌನ್ ಹಾಲ್‌ನ ಮೆಟ್ಟಿಲು, ಮರಳಿ ಕಾಲಾ ಘೋಡಾದ ನೀಲಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ, 1884), ಕೊನೆಗೆ ಓವಲ್ ಮೈದಾನ.

ಓವಲ್‌ನ ನಡುವಿನ ಕಾಲುದಾರಿಯಲ್ಲಿ ನಿಂತು ಒಂದು ಸುತ್ತು ತಿರುಗಿ. ಪೂರ್ವಕ್ಕೆ ಹೈಕೋರ್ಟ್, 85 ಮೀಟರ್ ಎತ್ತರದ ರಾಜಾಬಾಯಿ ಗಡಿಯಾರ ಗೋಪುರ: ಚೂಪು ಕಮಾನಿನ ಗಾಥಿಕ್. ಪಶ್ಚಿಮಕ್ಕೆ ದುಂಡು ಬಾಲ್ಕನಿಯ ಆರ್ಟ್ ಡೆಕೊ ಮನೆಗಳು. ಅರವತ್ತು ವರ್ಷದ ಅಂತರದ ಎರಡು ಕಾಲ ಒಂದು ಮೈದಾನದ ಆಚೆ-ಈಚೆ ಮುಖಾಮುಖಿ ನಿಂತಿವೆ. 2018ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿದ್ದು ಈ ಜೋಡಿಗೆ. ಒಟ್ಟು ನಡಿಗೆ ಮೂರು ಕಿಲೋಮೀಟರಿನಷ್ಟು, ಎರಡು ಗಂಟೆ.

ಒಂಬತ್ತಕ್ಕೆ ರೂಮು ಬಿಟ್ಟು, ಚೀಲ ಹಾಕಿಕೊಂಡು ಸಿಎಸ್‌ಎಂಟಿಯಿಂದ ಮಧ್ಯ ಮಾರ್ಗದ ಸ್ಲೋ ಗಾಡಿಗೆ ಮಾಟುಂಗಾ. 'ಮಾಟುಂಗಾ' ಮಧ್ಯ ಮಾರ್ಗದಲ್ಲಿ, 'ಮಾಟುಂಗಾ ರೋಡ್' ಪಶ್ಚಿಮ ಮಾರ್ಗದಲ್ಲಿ, ಬೇರೆ ಬೇರೆ ನಿಲ್ದಾಣ. ಬ್ಲಾಕ್ ಇರುವ ಭಾನುವಾರ ಮಾಟುಂಗಾದಿಂದ ಮುಲುಂಡ್‌ವರೆಗಿನ ಹಳಿಗೇ ಸರದಿ ಬರುವುದು ಹೆಚ್ಚು, ಹತ್ತರೊಳಗೆ ತಲುಪಿಬಿಡಿ. ಕನ್ನಡದ ಮಟ್ಟಿಗೆ ಮಾಟುಂಗಾ ಮುಂಬಯಿಯ ಹೊಕ್ಕುಳು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. ತಿಂಡಿಗೆ 1940ರ ಕೆಫೆ ಮದ್ರಾಸ್. ಭಾನುವಾರ ಹೆಸರು ಬರೆಸಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಾಯಬೇಕು. ಇಬ್ಬರೇ ಇರುವುದು ಇಲ್ಲಿ ಲಾಭ, ಬೇರೆಯವರ ಜೊತೆ ಮೇಜು ಹಂಚಿಕೊಳ್ಳಲು ಒಪ್ಪಿದರೆ ಬೇಗ ಕರೆಯುತ್ತಾರೆ. ಊಟದ ಹೊತ್ತಿಗೆ ಬಂದವರಿಗೆ ನಿಲ್ದಾಣದ ಎದುರಿನ, 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಮತ್ಸ್ಯಗಂಧಕ್ಕೆ ಮರಳುವವರ ಪ್ರವಾಸ ಇಲ್ಲಿಗೆ ಮುಗಿಯುತ್ತದೆ. ಗಾಡಿ ಮಧ್ಯಾಹ್ನವೇ ಹೊರಡುತ್ತದೆ, ಕುರ್ಲಾ ಇಲ್ಲಿಂದ ಎರಡೇ ನಿಲ್ದಾಣ. ಆದರೆ ಕುರ್ಲಾ ಲೋಕಲ್ ನಿಲ್ದಾಣವೂ ತಿಲಕ್ ಟರ್ಮಿನಸ್ಸೂ ಒಂದೇ ಅಲ್ಲ, ನಡುವೆ ಆಟೊ ಬೇಕು. ಬೆಳಗ್ಗೆ ಬಂದಿಳಿದಾಗ ಟರ್ಮಿನಸ್ಸಿಗೆ ಹತ್ತಿರದ ತಿಲಕ್ ನಗರ ನಿಲ್ದಾಣದಿಂದ ಹಾರ್ಬರ್ ಗಾಡಿ ಹಿಡಿದರೆ ನೇರ ಸಿಎಸ್‌ಎಂಟಿ.

ಭಾನುವಾರ ಮಧ್ಯಾಹ್ನದಿಂದ: ಹಾಜಿ ಅಲಿ, ಬಾಂದ್ರಾ

ಮಾಟುಂಗಾದಿಂದ ಟ್ಯಾಕ್ಸಿಯಲ್ಲಿ ಹಾಜಿ ಅಲಿ. ಇಲ್ಲಿ ಸ್ವಲ್ಪ ದಕ್ಷಿಣಕ್ಕೆ ಸರಿಯುತ್ತೇವೆ, ನಿಯಮಕ್ಕೆ ಇದೊಂದೇ ವಿನಾಯಿತಿ. ಹೊರಡುವ ಮೊದಲು ಅಂದಿನ ಉಬ್ಬರದ ಹೊತ್ತು ನೋಡಿ. ದರ್ಗಾಕ್ಕೆ ಹೋಗುವ ಕಟ್ಟೆದಾರಿ ದೊಡ್ಡ ಉಬ್ಬರದಲ್ಲಿ ಮುಳುಗುತ್ತದೆ. ದಿನಕ್ಕೆ ಎರಡು ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಹೋದ ವಾರ ಹೋಗಿಬಂದವರ ಮಾತು ಈ ವಾರಕ್ಕೆ ನಡೆಯುವುದಿಲ್ಲ. ಎಲ್ಲ ಧರ್ಮದವರಿಗೂ ಪ್ರವೇಶವಿದೆ. ಮಹಿಳೆಯರನ್ನು ಸಮಾಧಿಯಿರುವ ಒಳಭಾಗದಿಂದ ದೂರವಿಟ್ಟಿದ್ದ ನಿರ್ಬಂಧವನ್ನು 2016ರಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿತು, ಇಬ್ಬರೂ ಒಳಗೆ ಹೋಗಬಹುದು. ನೀರು ಏರಿದ್ದರೆ ಹಾಜಿ ಅಲಿ ಬಿಟ್ಟು ಹತ್ತಿರದ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹೋಗಿ, ಆಮೇಲೆ ಮಹಾಲಕ್ಷ್ಮಿ ರೈಲು ನಿಲ್ದಾಣದ ಸೇತುವೆಯಿಂದ ಧೋಬಿ ಘಾಟ್ ನೋಡಿ. ಕೆಳಗೆ ಇಳಿಯುವುದು ಬೇಡ, ಅದು ಬಟ್ಟೆ ಒಗೆಯುವವರ ಕೆಲಸದ ಜಾಗ.

ಮಹಾಲಕ್ಷ್ಮಿಯಿಂದ ಬಾಂದ್ರಾಕ್ಕೆ ಪಶ್ಚಿಮ ಮಾರ್ಗದ ಸ್ಲೋ ಗಾಡಿ. ಕಡಲ ಮೇಲಿನ 5.6 ಕಿಲೋಮೀಟರಿನ ಸೀ ಲಿಂಕ್ ಮೇಲೆ ಹೋಗಲೇಬೇಕೆಂದರೆ ಟ್ಯಾಕ್ಸಿ ಮಾಡಿ, ಟೋಲ್ ನಿಮ್ಮದು. ಬಾಂದ್ರಾ ನಿಲ್ದಾಣದಿಂದ ಆಟೊ ಸಿಗುತ್ತದೆ: ಮೊದಲು ಬೆಟ್ಟದ ಮೇಲಿನ ಮೌಂಟ್ ಮೇರಿ ಚರ್ಚ್, ಅಲ್ಲಿಂದ ಮೆಟ್ಟಿಲು ಇಳಿದು ಬ್ಯಾಂಡ್‌ಸ್ಟ್ಯಾಂಡ್, ತುದಿಯಲ್ಲಿ 1640ರಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆ. ಕೋಟೆಯಿಂದ ಸೀ ಲಿಂಕ್ ಪೂರ್ತಿ ಕಾಣುತ್ತದೆ. ಬ್ಯಾಂಡ್‌ಸ್ಟ್ಯಾಂಡ್ ಬಂಡೆಗಳ ಮೇಲೆ ಇಳಿತದ ಹೊತ್ತಿನಲ್ಲಿ ದೂರ ಹೋಗಿ ಕೂತವರು ನೀರು ಹಿಂದಿನಿಂದ ಸುತ್ತುವರಿದದ್ದು ಗೊತ್ತಾಗದೆ ಸಿಕ್ಕಿಬೀಳುತ್ತಾರೆ. ಬೆಳಗ್ಗೆ ನೋಡಿಟ್ಟ ಉಬ್ಬರದ ಹೊತ್ತು ಇಲ್ಲೂ ಬೇಕು.

ಖರ್ಚು, ಮತ್ತು ಮರಳುವ ಹೊತ್ತು

ರೂಮು, ವಿಮಾನ ಬಿಟ್ಟು ಇಬ್ಬರಿಗೆ ಎರಡು ದಿನಕ್ಕೆ ಆರರಿಂದ ಎಂಟು ಸಾವಿರ ಇಟ್ಟುಕೊಂಡರೆ ಕೈ ಬಿಗಿ ಹಿಡಿಯಬೇಕಾಗಿಲ್ಲ. ಅರ್ಧ ಊಟ-ತಿಂಡಿಗೆ, ಉಳಿದದ್ದು ಟ್ಯಾಕ್ಸಿ, ದೋಣಿ, ಟಿಕೆಟ್‌ಗೆ. ರೈಲಿಗೆ ನೂರು ರೂಪಾಯಿ ಖರ್ಚಾದರೆ ಹೆಚ್ಚು.

ವಾಪಸಿನ ವಿಮಾನ ಚಳಿಗಾಲದಲ್ಲಿ ರಾತ್ರಿ ಒಂಬತ್ತೂವರೆಯ ನಂತರದ್ದು, ಬೇಸಿಗೆಯಲ್ಲಿ ಹತ್ತೂವರೆಯ ನಂತರದ್ದು ಮಾಡಿ, ಆಗ ಬಾಂದ್ರಾದ ಸೂರ್ಯಾಸ್ತ ನೋಡಿಯೇ ಹೊರಡಬಹುದು. ಭಾನುವಾರ ಸಂಜೆ ಬ್ಯಾಂಡ್‌ಸ್ಟ್ಯಾಂಡ್ ರಸ್ತೆಯಲ್ಲಿ ವಾಹನ ತೆವಳುತ್ತವೆ. ಕೋಟೆಯ ಬಾಗಿಲಲ್ಲಿ ಕ್ಯಾಬ್ ಕಾಯದೆ ಹಿಲ್ ರೋಡ್ ಕಡೆ ನಡೆದು ಆಟೊ ಹಿಡಿಯಿರಿ. ಹತ್ತುವ ಮೊದಲು ಬೋರ್ಡಿಂಗ್ ಪಾಸ್ ತೆಗೆದು ಟರ್ಮಿನಲ್ 1 ಅಥವಾ 2 ಎಂಬುದನ್ನು ನೋಡಿ ಡ್ರೈವರ್‌ಗೆ ಅದನ್ನೇ ಹೇಳಿ. ಒಂದಕ್ಕೆ ದಾರಿ ಪಶ್ಚಿಮ ಹೆದ್ದಾರಿಯ ಪಕ್ಕದಲ್ಲಿ, ಎರಡಕ್ಕೆ ಸಹಾರ್ ಕಡೆಯಿಂದ. ತಪ್ಪಿ ಒಂದರಲ್ಲಿ ಇಳಿದರೆ ಇನ್ನೊಂದಕ್ಕೆ ನಡೆದು ಹೋಗಲಾಗುವುದಿಲ್ಲ.